ಬೇಲಿಯ ಕೆಂಬೂತ ಮತ್ತು ಮರುಭೂಮಿಯ ಅದರ ದಾಯಾದಿ



ಈ ಸಲದ ಪಾಠ ಒಂದು ಹಕ್ಕಿಯ ಕುರಿತಾಗಿದೆ. ಗೊಬ್ಬರ, ಬೀಜ, ನೀರು ಇವುಗಳ ಮಾತು ಬಿಟ್ಟು ಈ ಗ್ರಾಮ ಕಾರ್ಯಕರ್ತನಿಗೆ ಹಕ್ಕಿಯ ಗೊಡವೆ ಏಕೆ ಬಂತು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೊನೆಯವರೆಗೆ ಓದಿರಿ. ಈ ಹಕ್ಕಿ ನಿಮ್ಮ ಹಿತ್ತಿಲ ಬೇಲಿಯಲ್ಲಿಯೇ ಇದೆ. ಅದರ ವಿಷಯದಲ್ಲಿ ನಾನೂ ಒಂದು ತಪ್ಪು ಮಾಡಿದ್ದೇನೆ. ಆ ತಪ್ಪು ನಿಮ್ಮಿಂದಲೂ ಆಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದೂರದ ಒಂದು ದೇಶಕ್ಕೆ ಹೋಗಿ ಬರೋಣ.

೧. ಹಾದಿಯಲ್ಲಿ ಓಡುವ ಹಕ್ಕಿ

ಅಮೆರಿಕದ ನೈಋತ್ಯ ಭಾಗದಲ್ಲಿಯೂ ಅದಕ್ಕೆ ತಾಗಿದ ಮೆಕ್ಸಿಕೋ ದೇಶದಲ್ಲಿಯೂ ವಿಶಾಲವಾದ ಮರುಭೂಮಿಗಳಿವೆ. ನಮ್ಮ ಹೊನ್ನಾವರ, ಕುಮಟೆ, ಭಟ್ಕಳಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿ ಬಹುಭಾಗದಲ್ಲಿ 250 ಮಿಲಿಮೀಟರು ಬಿದ್ದರೆ ಅದೇ ದೊಡ್ಡದು. ಕಳ್ಳಿ, ಮುಳ್ಳುಪೊದೆ, ಕಲ್ಲು, ಮರಳು ಇವೇ ಅಲ್ಲಿಯ ಸಂಪತ್ತು. ಅಂಥ ನೆಲದಲ್ಲಿ ಒಂದೂಕಾಲು ಮೊಳ ಉದ್ದದ, ನೀಳ ಬಾಲದ, ತಲೆಯ ಮೇಲೆ ಜುಟ್ಟಿರುವ ಒಂದು ಹಕ್ಕಿ ವಾಸಿಸುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ರೋಡ್‌ರನ್ನರ್ ಎಂದು ಹೆಸರು. ಹಾದಿಯಲ್ಲಿ ಓಡುವುದು ಎಂದು ಅರ್ಥ. ಹಿಂದಿನ ಕಾಲದಲ್ಲಿ ಕುದುರೆಗಾಡಿಗಳು ಬರುವಾಗ ಇದು ಮುಂದೆ ಮುಂದೆ ಓಡುತ್ತಿದ್ದುದರಿಂದ ಈ ಹೆಸರು ಬಂದಿತು.

ಈ ಹಕ್ಕಿಗೆ ರೆಕ್ಕೆ ಇಲ್ಲವೆಂದಲ್ಲ. ಆದರೆ ಹಾರುವುದಕ್ಕೆ ಅದಕ್ಕೆ ಮನಸ್ಸು ಕಡಿಮೆ. ಗಂಟೆಗೆ ಸುಮಾರು 30 ಕಿಲೋಮೀಟರು ವೇಗದಲ್ಲಿ ಓಡಬಲ್ಲದು. ಓಡುವಾಗ ಬಾಲವನ್ನು ದೋಣಿಯ ಚುಕ್ಕಾಣಿಯಂತೆ ತಿರುಗಿಸಿ ದಿಕ್ಕು ಬದಲಿಸುತ್ತದೆ. ಓತಿಕ್ಯಾತ, ಮಿಡತೆ, ಚೇಳು, ಇಲಿ ಇವು ಅದರ ಆಹಾರ. ವಿಷದ ಹಾವನ್ನು ಸಹ ಬಿಡುವುದಿಲ್ಲ. ತಲೆಯನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದು, ನಾವು ಅಗಸೆಕಲ್ಲಿಗೆ ಬಟ್ಟೆ ಒಗೆಯುವಂತೆ ಕಲ್ಲಿಗೆ ಬಡಿದು ಕೊಲ್ಲುತ್ತದೆ. ಹಾವು ಉದ್ದವಾಗಿದ್ದರೆ ಅರ್ಧ ನುಂಗಿ, ಉಳಿದ ಅರ್ಧವನ್ನು ಬಾಯಿಂದ ಹೊರಗೆ ಇಳಿಬಿಟ್ಟುಕೊಂಡೇ ತಿರುಗಾಡುತ್ತದೆ. ಒಳಗಿನದು ಕರಗಿದಂತೆ ಹೊರಗಿನದು ಒಳಗೆ ಹೋಗುತ್ತದೆ.

ನೀರಿಲ್ಲದ ನಾಡಿನಲ್ಲಿ ಅದು ಬದುಕುವುದು ಹೇಗೆ? ಬೇಟೆಯ ಮೈಯಲ್ಲಿರುವ ನೀರೇ ಅದಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ. ದೇಹದಲ್ಲಿ ಹೆಚ್ಚಾದ ಉಪ್ಪನ್ನು ಮೂಗಿನ ಬಳಿಯ ಒಂದು ಗ್ರಂಥಿಯ ಮೂಲಕ ಹೊರಗೆ ಹಾಕುತ್ತದೆ. ಹೀಗಾಗಿ ಉಪ್ಪನ್ನು ತೊಳೆದು ಕಳಿಸಲು ನೀರು ವ್ಯಯವಾಗುವುದಿಲ್ಲ. ಮರುಭೂಮಿಯ ರಾತ್ರಿ ಬಲು ತಣ್ಣಗೆ. ಆಗ ಈ ಹಕ್ಕಿ ತನ್ನ ಮೈಯ ಶಾಖವನ್ನು ಕೆಲವು ಡಿಗ್ರಿ ಇಳಿಸಿಕೊಂಡು ಶಕ್ತಿಯನ್ನು ಉಳಿಸುತ್ತದೆ. ಬೆಳಗಾದೊಡನೆ ಸೂರ್ಯನಿಗೆ ಬೆನ್ನು ಮಾಡಿ ನಿಂತು ಬೆನ್ನಿನ ಗರಿಗಳನ್ನು ಎತ್ತುತ್ತದೆ. ಗರಿಯ ಕೆಳಗಿನ ಚರ್ಮ ಕಪ್ಪು. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆಂಬುದು ನಿಮಗೆ ಗೊತ್ತಿದ್ದದ್ದೇ. ಸ್ವಲ್ಪ ಹೊತ್ತಿನಲ್ಲಿಯೇ ಮೈ ಕಾದು ದಿನದ ಓಟಕ್ಕೆ ಸಿದ್ಧವಾಗುತ್ತದೆ.

ಇನ್ನು ಅದರ ಪಾದವನ್ನು ನೋಡಿ. ಕೋಳಿಯ ಕಾಲಿನಲ್ಲಿ ಮೂರು ಬೆರಳು ಮುಂದೆ, ಒಂದು ಹಿಂದೆ. ಇದರ ಕಾಲಿನಲ್ಲಿ ಎರಡು ಮುಂದೆ, ಎರಡು ಹಿಂದೆ. ಮರಳಿನಲ್ಲಿ ಮೂಡುವ ಹೆಜ್ಜೆ ಗುಣಾಕಾರದ ಗುರುತಿನಂತೆ (×) ಕಾಣುತ್ತದೆ. ಹಕ್ಕಿ ಯಾವ ಕಡೆಯಿಂದ ಬಂತು, ಯಾವ ಕಡೆಗೆ ಹೋಯಿತು ಎಂದು ಹೆಜ್ಜೆ ನೋಡಿ ಹೇಳುವುದು ಕಷ್ಟ. ಆದುದರಿಂದ ಅಲ್ಲಿಯ ಪ್ಯೂಬ್ಲೋ ಎಂಬ ಮೂಲನಿವಾಸಿಗಳು ಈ ಗುರುತನ್ನು ಕೆಟ್ಟ ಶಕ್ತಿಗಳಿಗೆ ದಾರಿ ತಪ್ಪಿಸುವ ಚಿಹ್ನೆಯೆಂದು ಬಗೆಯುತ್ತಿದ್ದರು. ನ್ಯೂ ಮೆಕ್ಸಿಕೋ ರಾಜ್ಯದವರು 1949ರಲ್ಲಿ ಇದನ್ನೇ ತಮ್ಮ ರಾಜ್ಯಪಕ್ಷಿಯನ್ನಾಗಿ ಆರಿಸಿಕೊಂಡರು.

೨. ಅದರ ದಾಯಾದಿ ನಮ್ಮ ಬೇಲಿಯಲ್ಲಿ

ಆ ಹಕ್ಕಿ ಯಾವ ಕುಲದ್ದು ಗೊತ್ತೇ? ಕೋಗಿಲೆಯ ಕುಲದ್ದು. ಅದೇ ಕುಲದ, ಅದರಂತೆಯೇ ನೆಲದ ಮೇಲೆ ನಡೆದು ಬದುಕುವ ಹಕ್ಕಿಯೊಂದು ನಮ್ಮಲ್ಲಿಯೂ ಇದೆ. ಅದೇ ಕೆಂಬೂತ. ಕೆಲವರು ಸಂಬಾರಕಾಗೆ ಎನ್ನುತ್ತಾರೆ, ಕೆಲವರು ರತ್ನಪಕ್ಷಿ ಎನ್ನುತ್ತಾರೆ. ತುಳುವಿನಲ್ಲಿ ಕುಪ್ಪುಳು, ಮರಾಠಿಯಲ್ಲಿ ಭಾರದ್ವಾಜ. ಹೆಸರಿನ ಕೊನೆಯಲ್ಲಿ ‘ಬೂತ’ ಎಂದಿರುವುದರಿಂದ ಕೆಲವರಿಗೆ ಅಂಜಿಕೆ. ಇದು ದೆವ್ವದ ಭೂತವಲ್ಲ. ಮಲೆಯಾಳದಲ್ಲಿ ಇದೇ ಹಕ್ಕಿಗೆ ಚೆಂಬೋತ್ತು, ತಮಿಳಿನಲ್ಲಿ ಸೆಂಬೋತ್ತು ಎಂಬ ಹೆಸರುಂಟು. ಎಲ್ಲವೂ ಒಂದೇ ಬೇರಿನ ಮಾತುಗಳು. ‘ಕೆಂ’ ಎಂದರೆ ಕೆಂಪು, ಅಷ್ಟೇ.

ಉದ್ದ ಸುಮಾರು 48 ಸೆಂಟಿಮೀಟರು, ಅಂದರೆ ಮೊಳಕ್ಕೆ ಸ್ವಲ್ಪ ಹೆಚ್ಚು. ಮೈ ಕಪ್ಪು, ಬಿಸಿಲಿಗೆ ನೀಲಿ ಛಾಯೆ ಹೊಳೆಯುತ್ತದೆ. ರೆಕ್ಕೆ ಇಟ್ಟಿಗೆಯ ಕೆಂಪು. ಕಣ್ಣು ಗುಲಗಂಜಿಯ ಕೆಂಪು. ಬಾಲ ನೀಳ ಮತ್ತು ಅಗಲ. ಮುಂಜಾನೆ ಪೊದೆಯೊಳಗಿಂದ ‘ಊಪ್ ಊಪ್ ಊಪ್’ ಎಂದು ಕೊಡದ ಬಾಯಿಗೆ ಬಾಯಿಟ್ಟು ಕೂಗಿದಂತೆ ದನಿ ಕೇಳುತ್ತದಲ್ಲ, ಅದು ಇದರದೇ. ಒಂದು ಕೂಗಿದರೆ ಇನ್ನೊಂದು ಓಗೊಡುತ್ತದೆ. ಜೋಡಿಯಲ್ಲಿ ಹೆಣ್ಣಿನ ದನಿ ಹೆಚ್ಚು ತಗ್ಗು.

ಇದರ ಪಾದದಲ್ಲಿಯೂ ಎರಡು ಬೆರಳು ಮುಂದೆ, ಎರಡು ಹಿಂದೆ. ಹಿಂದಿನ ಒಂದು ಬೆರಳಿನ ಉಗುರು ಮಾತ್ರ ನೆಟ್ಟಗೆ, ಉದ್ದವಾಗಿ, ದಬ್ಬಣದಂತೆ ಇರುತ್ತದೆ. ಮರುಭೂಮಿಯ ದಾಯಾದಿಯಂತೆ ಇದು ವೇಗದ ಓಟಗಾರನಲ್ಲ. ಬಯಲಿನಲ್ಲಿ ಓಡಬೇಕಾದ ಹಕ್ಕಿಗೆ ವೇಗ ಬೇಕು. ಪೊದೆಯ ಸಂದಿಯಲ್ಲಿ ನುಸುಳುವ ಹಕ್ಕಿಗೆ ತಾಳ್ಮೆ ಬೇಕು. ಕೆಂಬೂತ ತರಗೆಲೆಯನ್ನು ಸರಿಸುತ್ತ, ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತ, ಬೇಲಿಯ ಬುಡವನ್ನು ಅಂಗುಲ ಅಂಗುಲವಾಗಿ ಶೋಧಿಸುತ್ತದೆ. ಹಾರಿದರೆ ನಾಲ್ಕು ಮಾರು ತಗ್ಗಿನಲ್ಲಿ ತೇಲಿ ಮತ್ತೊಂದು ಪೊದೆಗೆ ಬೀಳುತ್ತದೆ.

ಅದಕ್ಕೆ ಸಿಗುವುದೇನು? ಕಂಬಳಿಹುಳು, ಮಿಡತೆ, ಬಸವನಹುಳು, ಕಪ್ಪೆ, ಹಲ್ಲಿ, ಸಣ್ಣ ಇಲಿ, ಸಣ್ಣ ಹಾವು. ಗರಗಸ ಮಂಡಲದಂಥ ವಿಷದ ಹಾವನ್ನು ತಿಂದದ್ದೂ ದಾಖಲೆಯಲ್ಲಿದೆ. ಇಷ್ಟನ್ನು ಹೇಳಿ ಒಂದನ್ನು ಮುಚ್ಚಿಟ್ಟರೆ ಸರಿಯಲ್ಲ. ಬೇರೆ ಹಕ್ಕಿಗಳ ಮೊಟ್ಟೆ ಮರಿಗಳನ್ನೂ ಅದು ತಿನ್ನುತ್ತದೆ, ಹಣ್ಣನ್ನೂ ತಿನ್ನುತ್ತದೆ. ಆದರೆ ಲೆಕ್ಕ ಕೂಡಿ ಕಳೆದರೆ ಒಕ್ಕಲಿಗನಿಗೆ ಲಾಭವೇ ಹೆಚ್ಚು.

ಮಳೆ ಹೊಳವಾದಾಗ ಈ ಹಕ್ಕಿ ಬೇಲಿಯ ತುದಿಗೆ ಬಂದು ರೆಕ್ಕೆಗಳನ್ನು ಅಗಲವಾಗಿ ಬಿಚ್ಚಿ, ಪುಕ್ಕ ಕೆದರಿ, ಬಿಸಿಲು ಕಾಯಿಸುವುದನ್ನು ನೀವು ಕಂಡಿರಬಹುದು. ಒಮ್ಮೊಮ್ಮೆ ಜೋಡಿಯೇ ಬಂದು ಕೂಡುತ್ತದೆ. ‘ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದಂತೆ’ ಎಂಬ ಗಾದೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಹೀಗೆ ಕೂತದ್ದನ್ನು ಕಂಡವರೇ ಆ ಗಾದೆ ಕಟ್ಟಿರಬೇಕೆಂದು ನನಗೆ ತೋರುತ್ತದೆ. ಪಾಪ, ಹಕ್ಕಿಗೆ ನವಿಲಿನ ಗೊಡವೆಯೇ ಇಲ್ಲ. ಅದು ಮೈ ಕಾಯಿಸಿಕೊಳ್ಳುತ್ತಿದೆ.

೩. ಗೂಡು ಕಟ್ಟುವ ಕೋಗಿಲೆ

ಕೋಗಿಲೆಯ ಕುಲದಲ್ಲಿ ಎರಡು ಬಗೆಯ ಸಂಸಾರಗಳುಂಟು. ಮಾವಿನ ಮರದಲ್ಲಿ ಕೂತು ಹಾಡುವ ಕೋಗಿಲೆ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಮಳೆಯನ್ನು ಕರೆಯುವುದೆಂದು ನಾವು ಹೇಳುವ ಚಾತಕವೂ ಹಾಗೆಯೇ, ಹರಟೆಮಲ್ಲ ಹಕ್ಕಿಯ ಗೂಡನ್ನು ಹುಡುಕುತ್ತದೆ. ಅದು ಅವುಗಳ ಸ್ವಭಾವ, ನಾವು ದೂರುವುದು ಬೇಡ. ಆದರೆ ಮರುಭೂಮಿಯ ಓಟದ ಹಕ್ಕಿಯೂ ನಮ್ಮ ಕೆಂಬೂತವೂ ತಮ್ಮ ಗೂಡನ್ನು ತಾವೇ ಕಟ್ಟುತ್ತವೆ, ಮೊಟ್ಟೆಗೆ ಕಾವನ್ನು ತಾವೇ ಕೊಡುತ್ತವೆ, ಮರಿಗಳನ್ನು ತಾವೇ ಸಾಕುತ್ತವೆ. ಗಂಡು ಹೆಣ್ಣು ಎರಡೂ ದುಡಿಯುತ್ತವೆ. ಕೆಂಬೂತದಲ್ಲಿ ಗೂಡು ಕಟ್ಟುವ ಕೆಲಸದ ಹೆಚ್ಚಿನ ಪಾಲು ಗಂಡಿನದು. ಹಾಡುವ ಕೋಗಿಲೆಗೆ ಕವಿಗಳ ಹೊಗಳಿಕೆ, ದುಡಿಯುವ ಕೆಂಬೂತಕ್ಕೆ ಹಾಸ್ಯದ ಗಾದೆ. ಲೋಕದ ನ್ಯಾಯ ಹೀಗಿದೆ.

ನಮ್ಮ ಕಡೆ ಗೂಡು ಕಟ್ಟುವುದು ಹೆಚ್ಚಾಗಿ ಮಳೆಗಾಲದಲ್ಲಿ. ಬಿದಿರು ಮೆಳೆ, ಮುಂಡಿಗೆಯ ಪೊದೆ, ಬಳ್ಳಿ ಹೆಣೆದುಕೊಂಡ ಬೇಲಿ, ಇಂಥ ದಟ್ಟವಾದ ಜಾಗ ಬೇಕು. ಎಲೆ, ಕಡ್ಡಿ, ಹುಲ್ಲು ಸೇರಿಸಿ ಮೇಲೆ ಮುಚ್ಚಿಗೆಯಿರುವ ಗುಮ್ಮಟದಂಥ ಗೂಡು ಕಟ್ಟಿ, ಪಕ್ಕದಲ್ಲಿ ಬಾಗಿಲು ಇಡುತ್ತದೆ. ಮೂರರಿಂದ ಐದು ಬಿಳಿಯ ಮೊಟ್ಟೆಗಳು.

೪. ನಾನು ಮಾಡಿದ ತಪ್ಪು

ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲನೆಯ ವರ್ಷದ ಮಾತು. ಹೊನ್ನಾವರ ತಾಲೂಕಿನ ಒಂದು ಕೇರಿಯಲ್ಲಿ ತರಕಾರಿಯ ಮಾದರಿ ತುಂಡು ಮಾಡಿಸುತ್ತಿದ್ದೆ. ಗದ್ದೆಯ ಅಂಚಿಗೆ ಮುಂಡಿಗೆಯೂ ಬಳ್ಳಿಯೂ ಹೆಣೆದುಕೊಂಡ ಹಳೆಯ ಬೇಲಿಯಿತ್ತು. ಬೇಲಿಯೆಂದರೆ ಇಲಿಯ ಮನೆ, ಕಳೆಯ ತವರು ಎಂದು ನನ್ನ ತಲೆಯಲ್ಲಿ ಕೂತಿತ್ತು. ನೋಡಲು ಬರುವವರಿಗೆ ತುಂಡು ಚೊಕ್ಕಟವಾಗಿ ಕಾಣಬೇಕೆಂಬ ಆಸೆಯೂ ಇತ್ತು. ಶ್ರಾವಣ ಮಾಸದ ಒಂದು ಬೆಳಿಗ್ಗೆ, ಮಳೆ ಸ್ವಲ್ಪ ಬಿಟ್ಟಿದ್ದಾಗ, ಬೇಲಿಯನ್ನು ಕಡಿಸಿದೆ. ನಾನೂ ಕತ್ತಿ ಹಿಡಿದೆ.

ಅರ್ಧ ಕಡಿಯುವಷ್ಟರಲ್ಲಿ ಒಂದು ದೊಡ್ಡ ಹುಲ್ಲಿನ ಉಂಡೆ ಕೆಸರಿಗೆ ಉರುಳಿತು. ಒಳಗೆ ಮೂರು ಮರಿಗಳಿದ್ದವು. ಗರಿ ಇನ್ನೂ ಪೂರ್ತಿ ಬಂದಿರಲಿಲ್ಲ. ಎತ್ತಿ ಬೇರೆ ಪೊದೆಯಲ್ಲಿ ಇಟ್ಟೆವು. ಆದರೆ ಆ ಪೊದೆ ತೆಳ್ಳಗಿತ್ತು. ಸಂಜೆಯೊಳಗೆ ಕಾಗೆಗಳು ಬಂದವು. ಮಾರನೆಯ ದಿನ ಅಲ್ಲಿ ಏನೂ ಉಳಿದಿರಲಿಲ್ಲ. ಆ ಜೋಡಿ ಮಾತ್ರ ನಾಲ್ಕಾರು ದಿನ ಬೆಳಿಗ್ಗೆ ಬಂದು, ಕಡಿದು ಹಾಕಿದ ಮುಂಡಿಗೆಯ ರಾಶಿಯ ಮೇಲೆ ಕೂತು ಕೂಗುತ್ತಿತ್ತು.

ಆ ಮನೆಯ ಅಜ್ಜಿ ನನ್ನನ್ನು ಬಯ್ಯಲಿಲ್ಲ. “ನಮ್ಮ ಮಾವ ಮಳೆಗಾಲದಲ್ಲಿ ಬೇಲಿಗೆ ಕತ್ತಿ ಹಾಕೂಕೆ ಬಿಡ್ತಿರ್ಲಿಲ್ಲ. ಯಾಕೆ ಅಂತ ಆವಾಗ ನಾವೂ ಕೇಳ್ಲಿಲ್ಲ” ಎಂದಳು. ಕಲಿಸಲು ಹೋದವನು ಅಲ್ಲಿ ಕಲಿತು ಬಂದೆ. ಹಳಬರು ಕಾರಣ ಹೇಳದೆ ಬಿಟ್ಟುಹೋದ ಕಟ್ಟಳೆಗಳಲ್ಲಿ ಎಲ್ಲವೂ ಮೂಢನಂಬಿಕೆಯಲ್ಲ. ಪರೀಕ್ಷಿಸಿ ನೋಡುವ ಮೊದಲು ಕಡಿಯಬಾರದು.

೫. ಏಳು ವಾರದ ಲೆಕ್ಕ

ಈಗ ಆ ಕಟ್ಟಳೆಯ ಲೆಕ್ಕವನ್ನು ನಾವೇ ಹಾಕೋಣ. ಗೂಡು ಕಟ್ಟಲು 3ರಿಂದ 8 ದಿನ. ಕಾವು 15ರಿಂದ 16 ದಿನ. ಮರಿಗಳು ಗೂಡು ಬಿಡಲು 18ರಿಂದ 22 ದಿನ. ಹೆಚ್ಚಿನದನ್ನು ಹಿಡಿದರೆ 8, 16, 22 ಕೂಡಿ 46 ದಿನ. ಮೊಟ್ಟೆಗಳನ್ನು ಒಂದೇ ದಿನ ಇಡುವುದಿಲ್ಲವಾದುದರಿಂದ ಇನ್ನೆರಡು ಮೂರು ದಿನ ಸೇರಿಸಿರಿ. ಏಳು ವಾರವಾಯಿತು. ಒಂದು ಪೊದೆಯಲ್ಲಿ ಗೂಡು ಕಂಡರೆ ಏಳು ವಾರ ಆ ಪೊದೆಗೆ ಕತ್ತಿ ತಾಗಬಾರದು. ಇಷ್ಟೇ ಹಕ್ಕಿ ನಮ್ಮಿಂದ ಕೇಳುವ ಬಾಡಿಗೆ.

ಇನ್ನೊಂದು ಲೆಕ್ಕ. ದಕ್ಷಿಣ ಭಾರತದಲ್ಲಿ ಅಳೆದು ನೋಡಿದವರ ಪ್ರಕಾರ ಗೂಡು ಕಟ್ಟುವ ಒಂದು ಜೋಡಿ ಕೆಂಬೂತಕ್ಕೆ ಸುಮಾರು ಎರಡು ಎಕರೆಯಿಂದ ಹದಿನೆಂಟು ಎಕರೆಯವರೆಗೆ ಸ್ಥಳ ಬೇಕು. ಸರಾಸರಿ ಒಂಬತ್ತು ಎಕರೆ. ನಮ್ಮ ಕರಾವಳಿಯಲ್ಲಿ ಒಂಬತ್ತು ಎಕರೆಯೆಂದರೆ ಒಬ್ಬನ ಆಸ್ತಿಯಲ್ಲ, ಒಂದು ಕೇರಿಯೇ ಆಗುತ್ತದೆ. ಒಬ್ಬನು ಬೇಲಿ ಕಡಿದರೆ ಅಷ್ಟು ಮನೆಗಳ ಹಿತ್ತಿಲು ತನ್ನ ಕಾವಲುಗಾರನನ್ನು ಕಳೆದುಕೊಳ್ಳಬಹುದು. ಆದುದರಿಂದ ಇದು ಒಬ್ಬರ ಕೆಲಸವಲ್ಲ, ನೆರೆಹೊರೆಯವರು ಕೂಡಿ ಮಾಡತಕ್ಕ ಕೆಲಸ.

ಮಾಡಬೇಕಾದ್ದು ಇಷ್ಟು:

(ಅ) ಬೇಲಿ ಸವರುವುದನ್ನು ಜನವರಿಯಿಂದ ಮಾರ್ಚಿಯೊಳಗೆ ಮುಗಿಸಿರಿ. ಜೂನಿನಿಂದ ಅಕ್ಟೋಬರದವರೆಗೆ ಮುಟ್ಟಬೇಡಿ.

(ಆ) ಇಡೀ ಬೇಲಿಯನ್ನು ಒಮ್ಮೆಲೇ ಬೋಳಿಸಬೇಡಿ. ಈ ವರ್ಷ ಒಂದು ಮಗ್ಗುಲು, ಬರುವ ವರ್ಷ ಇನ್ನೊಂದು ಮಗ್ಗುಲು ಸವರಿರಿ.

(ಇ) ಹೊಳೆಯ ದಂಡೆಯಲ್ಲಿಯೂ ಗಜನಿಯ ಕಟ್ಟೆಯಲ್ಲಿಯೂ ಇರುವ ಮುಂಡಿಗೆಯ ಮೆಳೆಗಳನ್ನು ಉಳಿಸಿರಿ. ಅವು ಮಣ್ಣನ್ನೂ ಹಿಡಿಯುತ್ತವೆ, ಗೂಡಿಗೂ ಆಸರೆಯಾಗುತ್ತವೆ.

(ಈ) ಬೇಲಿಗೆ ಬೆಂಕಿ ಕೊಡಬೇಡಿ. ಸವರಿದ ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಿರಿ.

(ಉ) ತಂತಿಬೇಲಿ ಹಾಕಿಸಿದವರು ಅದರ ಒಂದು ಮೂಲೆಯಲ್ಲಾದರೂ ನಾಲ್ಕು ಮಾರು ಪೊದೆ ಬೆಳೆಯಗೊಡಿರಿ.

೬. ಬಸವನಹುಳುವಿಗೆ ವಿಷ ಹಾಕುವ ಮೊದಲು

ಮಳೆಗಾಲದಲ್ಲಿ ತರಕಾರಿಗೆ, ಮಲ್ಲಿಗೆಗೆ, ಅಡಿಕೆಯ ಸಸಿಮಡಿಗೆ ಬಸವನಹುಳುವಿನ ಕಾಟ ಹೆಚ್ಚು. ಅಂಗಡಿಯಿಂದ ವಿಷದ ಗುಳಿಗೆ ತಂದು ಚೆಲ್ಲುವುದು ಸುಲಭವೆಂದು ತೋರುತ್ತದೆ. ಆದರೆ ವಿಷ ತಿಂದು ನಿಧಾನವಾಗಿ ಸರಿಯುವ ಹುಳುವೇ ಹಕ್ಕಿಯ ಕಣ್ಣಿಗೆ ಮೊದಲು ಬೀಳುತ್ತದೆ. ಚೆಲ್ಲಿದ ಗುಳಿಗೆ ನಾಯಿಗೂ ಮಕ್ಕಳಿಗೂ ಅಪಾಯ. ಮೊದಲು ಈ ಉಪಾಯ ಮಾಡಿರಿ. ಸಂಜೆ ಗೋಣಿತಾಟನ್ನು ನೆನೆಸಿ ಗಿಡಗಳ ನಡುವೆ ಹಾಸಿ, ಅದರ ಕೆಳಗೆ ಪಪಾಯಿಯ ಎಲೆ ಇಲ್ಲವೆ ಕೋಸಿನ ಎಲೆ ಇಡಿರಿ. ರಾತ್ರಿ ಹುಳುಗಳು ಅಲ್ಲಿ ಸೇರುತ್ತವೆ. ಬೆಳಿಗ್ಗೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿರಿ. ಉಪ್ಪನ್ನು ಮಣ್ಣಿಗೆ ಚೆಲ್ಲಬಾರದು, ಗಿಡ ಕೆಡುತ್ತದೆ. ಉಳಿದ ಹುಳುಗಳಲ್ಲಿ ತನ್ನ ಪಾಲನ್ನು ಕೆಂಬೂತ ಆರಿಸಿಕೊಳ್ಳಲಿ. ಬಸವನಹುಳು ಇದಕ್ಕೂ ಬಗ್ಗದಷ್ಟು ಹೆಚ್ಚಾದರೆ ಕೃಷಿ ಇಲಾಖೆಯವರನ್ನು ಕೇಳಿಯೇ ಔಷಧ ತನ್ನಿರಿ.

೭. ಎರಡು ನಂಬಿಕೆಗಳು

ಒಂದನೆಯದು, ಕೆಂಬೂತದ ಮಾಂಸ ಕ್ಷಯಕ್ಕೂ ಕೆಮ್ಮಿಗೂ ಮದ್ದು ಎಂಬ ಮಾತು. ಇದು ಬಹಳ ಹಳೆಯದು. ಆದರೆ ಇದಕ್ಕೆ ಆಧಾರವಿಲ್ಲ. ಹಿಂದೆ ನಮ್ಮ ದೇಶಕ್ಕೆ ಹೊಸದಾಗಿ ಬಂದ ಇಂಗ್ಲಿಷರು ಇದನ್ನು ಕಾಡುಕೋಳಿಯ ಜಾತಿಯೆಂದು ತಿಳಿದು ಬೇಟೆಯಾಡಿ ಬೇಯಿಸಿ, ಬಾಯಿಗಿಟ್ಟು ಮುಖ ಕಿವಿಚಿದರೆಂದು ಅವರವರೇ ಬರೆದಿಟ್ಟಿದ್ದಾರೆ. ರುಚಿಯೂ ಇಲ್ಲ, ಗುಣವೂ ಇಲ್ಲ. ಎರಡು ವಾರಕ್ಕೆ ಮೀರಿ ಕೆಮ್ಮು ಇದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯೂ ಔಷಧಿಯೂ ಪುಕ್ಕಟೆ. ಹಕ್ಕಿಯ ಮಾಂಸವನ್ನು ನಂಬಿ ತಿಂಗಳು ಕಳೆದರೆ ರೋಗಿಯೂ ಹೋದಾನು, ಮನೆಯವರಿಗೂ ರೋಗ ತಗಲೀತು.

ಎರಡನೆಯದು, ಅದರ ಗೂಡಿನಲ್ಲಿ ಸಂಜೀವಿನಿ ಕಡ್ಡಿ ಇದೆ ಎಂಬ ಕಥೆ. ಕೇರಳದಲ್ಲಿ ಇದನ್ನೇ ನೀಲಕೊಡುವೇಲಿ ಎಂಬ ಬೇರಿನ ಹೆಸರಿನಲ್ಲಿ ಹೇಳುತ್ತಾರೆ. ಕಥೆಯೆಂದು ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇದನ್ನು ನಂಬಿ ಗೂಡು ಕೀಳುವವರಿದ್ದಾರೆ. ಗೂಡಿನಲ್ಲಿ ಇರುವುದು ನಮ್ಮದೇ ಹಿತ್ತಿಲಿನ ಎಲೆ, ಕಡ್ಡಿ, ಹುಲ್ಲು. ಬೇರೇನೂ ಇಲ್ಲ. ಕೆಂಬೂತವನ್ನು ಹಿಡಿಯುವುದಾಗಲಿ, ಕೊಲ್ಲುವುದಾಗಲಿ, ಅದರ ಮೊಟ್ಟೆ ಗೂಡುಗಳನ್ನು ಕೆಡಿಸುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯಂತೆ ಅಪರಾಧ ಎಂಬುದನ್ನೂ ಹುಡುಗರಿಗೆ ತಿಳಿಸಿ ಹೇಳಿರಿ.

೮. ನೋಡಿ ಕಲಿಯಿರಿ

ಓದಿ ಮಡಚಿಟ್ಟರೆ ಪಾಠ ಮುಗಿಯಲಿಲ್ಲ. ಮನೆಯ ಮಕ್ಕಳನ್ನು ಕರೆದುಕೊಂಡು ಈ ನಾಲ್ಕು ಕೆಲಸ ಮಾಡಿರಿ.

1. ಮಳೆ ನಿಂತ ಮೇಲೆ ಬೇಲಿಯ ಬುಡದ ಹಸಿಮಣ್ಣಿನಲ್ಲಿ ಹೆಜ್ಜೆ ಹುಡುಕಿರಿ. ಕೋಳಿಯ ಹೆಜ್ಜೆಯ ಪಕ್ಕದಲ್ಲಿ ಕೆಂಬೂತದ ಹೆಜ್ಜೆಯ ಚಿತ್ರ ಬರೆದು ಬೆರಳುಗಳನ್ನು ಎಣಿಸಿರಿ.

2. ಮುಂಜಾನೆ ‘ಊಪ್ ಊಪ್’ ಕೂಗು ಕೇಳಿದಾಗ ಇನ್ನೊಂದು ದನಿ ಓಗೊಡುತ್ತದೆಯೇ ಗಮನಿಸಿರಿ. ಎರಡರಲ್ಲಿ ತಗ್ಗಿನ ದನಿ ಯಾವ ದಿಕ್ಕಿನಿಂದ ಬಂತು?

3. ಒಣಕಡ್ಡಿ ಕಚ್ಚಿಕೊಂಡು ಹೋಗುವ ಹಕ್ಕಿ ಕಂಡರೆ ಅದು ಇಳಿದ ಪೊದೆಯನ್ನು ದೂರದಿಂದಲೇ ಗುರುತಿಡಿರಿ. ಹತ್ತಿರ ಹೋಗಿ ಎಲೆ ಸರಿಸಬೇಡಿ. ನೀವು ಸರಿಸಿದ ಸಂದಿಯಿಂದಲೇ ಕಾಗೆಯೂ ನೋಡುತ್ತದೆ. ಪಂಚಾಂಗದಲ್ಲಿ ಆ ದಿನಕ್ಕೆ ಗುರುತು ಹಾಕಿ ಏಳು ವಾರ ಎಣಿಸಿರಿ.

4. ಏಳು ವಾರದ ಮೇಲೆ ಬೇಲಿಯ ಸುತ್ತ ಕಣ್ಣಿಡಿರಿ. ಮಂಕು ಬಣ್ಣದ, ಹೊಟ್ಟೆಯಲ್ಲಿಯೂ ಬಾಲದಲ್ಲಿಯೂ ಬಿಳಿ ಪಟ್ಟೆಗಳಿರುವ ಮರಿಗಳು ತಂದೆತಾಯಿಗಳ ಹಿಂದೆ ತೆವಳುವುದು ಕಂಡರೆ ನಿಮ್ಮ ಲೆಕ್ಕ ಸರಿಯಾಯಿತು.

ಆ ಅಜ್ಜಿಯ ಮನೆಯವರೂ ನಾನೂ ಸೇರಿ ಮರುವರ್ಷ ಅದೇ ಅಂಚಿಗೆ ಮುಂಡಿಗೆಯ ಕಂದು ನೆಟ್ಟೆವು. ಪೊದೆ ಇನ್ನೂ ಸೊಂಟದೆತ್ತರ. ಗೂಡು ಕಟ್ಟುವಷ್ಟು ದಟ್ಟವಾಗಿಲ್ಲ. ಕಡಿಯಲು ಅರ್ಧ ದಿನ ಸಾಕಾಗಿತ್ತು, ಬೆಳೆಸಲು ಎಷ್ಟು ವರ್ಷ ಬೇಕೋ ನೋಡುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅದರ ತುದಿಯಲ್ಲಿ ಒಂದು ಕೆಂಬೂತ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿತ್ತು. ಅಜ್ಜಿ ನನ್ನನ್ನು ಕರೆದು ತೋರಿಸಿದಳು. ಇಬ್ಬರೂ ಮಾತಾಡದೆ ಅಂಗಳದಲ್ಲಿಯೇ ನಿಂತು ನೋಡಿದೆವು.

ನಿಮ್ಮ ಬೇಲಿಯಲ್ಲಿ ಕಂಡದ್ದನ್ನು ನಾನು ಊರಿಗೆ ಬಂದಾಗ ತಪ್ಪದೆ ತಿಳಿಸಿರಿ.

— ನಿಮ್ಮ ಗ್ರಾಮ ಕಾರ್ಯಕರ್ತ